ಚಳಿಗೆ ಕಾದ ಕಂಬಳಿಗಳು

ವನಜ ಮಾತಿಲ್ಲದೆ ಬಂಗುಡೆ ಮಗುಚುತ್ತಿದ್ದಳು. ಮರಳಿನ ಮೇಲೆ ಹಳೆಯ ಬಲೆ ಹಾಸಿ, ಸೀಳಿ ಉಪ್ಪು ಸವರಿದ ಮೀನುಗಳನ್ನು ಅದರ ತುಂಬ ಹರಡಿದ್ದಳು. ಸ್ವಲ್ಪ ಆಚೆ ಬಾಗಿ ಎಂಬ ಹೆಸರಿನ ಅವಳ ದೊಡ್ಡಮ್ಮ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ಅವಳೂ ತುಟಿ ಬಿಚ್ಚಲಿಲ್ಲ. ಮೀನು ಮಗುಚುವಾಗ ಮಾತಾಡಿದರೆ ಕೈ ನಿಧಾನವಾಗುತ್ತದೆ ಎಂಬುದು ಬಾಗಿಯ ಸಿದ್ಧಾಂತ. ಉಳಿದ ಹೊತ್ತಿನಲ್ಲಿ ಆ ಮಾತನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಳು.

ಇಷ್ಟು ವರ್ಷ ವನಜ ಬಾಗಿಯ ಮೀನು ಒಣಗಿಸಿ ಕೊಟ್ಟವಳು. ಈ ಸಲದ್ದು ವನಜಳದೇ. ತಾನೇ ದೋಣಿ ತಂಗುವ ದಕ್ಕೆಯಲ್ಲಿ ನಿಂತು ಆರಿಸಿದ್ದು, ತಾನೇ ಉಪ್ಪು ಹಾಕಿದ್ದು. ಒಳ್ಳೆಯ ಬಿಸಿಲು ಸಿಕ್ಕಿದರೆ ವಾರದೊಳಗೆ ಶಂಕರನಾರಾಯಣ ಊರಿನ ಕಡೆಯ ವ್ಯಾಪಾರಿಗಳು ಬಂದು ಒಯ್ಯುತ್ತಾರೆ. ನಡುವೆ ಒಂದು ಮಳೆ ಬಿತ್ತೋ, ಹುಳವಾಗಿ ಎಲ್ಲ ತೆಂಗಿನ ಬುಡಕ್ಕೆ ಗೊಬ್ಬರ. ಆಮೇಲೆ ಮತ್ತೆ ದೊಡ್ಡಮ್ಮನ ಮೀನು, ದೊಡ್ಡಮ್ಮನ ಮಾತು.

ಮಳೆ ಬಂದರೆ ಹೊದೆಸಲೆಂದು ಮೀನು ಒಣಗಿಸುವ ಹೆಂಗಸರು ಸೇರಿ ಒಂದು ದೊಡ್ಡ ನೀಲಿ ಟರ್ಪಾಲು ತಂದಿದ್ದರು. ಅದೀಗ ಭಜನಾ ಮಂದಿರದ ಎದುರು ಚಪ್ಪರವಾಗಿತ್ತು. "ಒಂದ್ ದಿನದ್ ಮಟ್ಟಿಗೆ" ಎಂದು ಗೆಳೆಯರ ಬಳಗದ ಅಧ್ಯಕ್ಷ ಪ್ರೇಮಾನಂದ ಸೋಮವಾರ ಒಯ್ದದ್ದು.

ಪ್ರೇಮಾನಂದ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಮರಳಿದವನು. ಬರುವಾಗ ಒಂದು ಸ್ವೆಟರನ್ನೂ ಒಂದು ಮಂಕಿ ಟೋಪಿಯನ್ನೂ ತಂದಿದ್ದ. ದೀಪಾವಳಿ ಮುಗಿದ ಮರುದಿನ ಎರಡನ್ನೂ ಹಾಕುತ್ತಿದ್ದ. ಒಳಗೆ ಬೆವರು ಇಳಿದರೂ ತೆಗೆಯುತ್ತಿರಲಿಲ್ಲ. ಈ ವರ್ಷ ಅವನಿಗೆ ಊರಿನ ಹಿರಿಯರ ಚಳಿ ಕಾಣಿಸಿತು. ಬಿಜೂರಿನ ಕಡಲ ಬದಿಯಲ್ಲಿ ಹುಟ್ಟಿದ ಹಿರಿಯರಿಗೇ ಅದು ಕಾಣಿಸಿರಲಿಲ್ಲ. ಹೆಮ್ಮಾಡಿಯ ಒಬ್ಬ ವ್ಯಾಪಾರಿ ಕಂಬಳಿ ಕೊಡಲು ಒಪ್ಪಿದರು, ಮುಖ್ಯ ಅತಿಥಿಯಾಗಲೂ ಒಪ್ಪಿದರು. 'ಕೊರೆಯುವ ಚಳಿಗೆ ಬೆಚ್ಚನೆಯ ಆಸರೆ' ಎಂಬ ಫ್ಲೆಕ್ಸ್ ಬಂತು. ಹಿಂದೆ ಹಿಮದ ಗುಡ್ಡ, ಮುಂದೆ ಕೈಮುಗಿದ ಬಳಗದ ಕಾರ್ಯದರ್ಶಿ, ಅವನ ಹೆಸರೂ ಗುಡ್ಡ.

ಆದರೆ ಚಳಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಒಂದಿಷ್ಟು ಮಂಜು ಕಂಡಿತೆಂದು ಬಳಗದವರು ಕುಣಿದಾಡಿದರು. ಹತ್ತು ಗಂಟೆಗೆಲ್ಲ ಅಂಗಿ ಬೆನ್ನಿಗೆ ಅಂಟಿತು. ಬೆವರು ಒರೆಸಿಕೊಳ್ಳುವವರಿಗೆ ಕಂಬಳಿ ಹೊದೆಸುವ ಫೋಟೋ ಪೇಪರಿಗೆ ಹೋಗುವುದು ಬೇಡ ಎಂದು ಹೆಮ್ಮಾಡಿಯಿಂದ ಫೋನ್ ಬಂತು. ಕಾರ್ಯಕ್ರಮ ಮುಂದೆ ಹೋಯಿತು. ಚಪ್ಪರ ಅಲ್ಲೇ ಉಳಿಯಿತು. ಮಂಗಳವಾರ ಬೆಳಿಗ್ಗೆ ತಣ್ಣನೆಯ ಮೂಡುಗಾಳಿ ಬೀಸಿ ಬಳಗಕ್ಕೆ ಮತ್ತೆ ಆಸೆ ಹುಟ್ಟಿತು. ಶಾಮಿಯಾನದವರು ಕುರ್ಚಿ ಇಳಿಸುವಷ್ಟರಲ್ಲಿ ಏಪ್ರಿಲ್ ತಿಂಗಳ ಸೆಕೆ. ಬುಧವಾರ ತೆಂಕಲ ಆಕಾಶದಲ್ಲಿ ಮೋಡ ಕಟ್ಟಿತು.

ಮೋಡವನ್ನು ಮೊದಲು ಕಂಡವಳು ವನಜ.

"ಹೋಯಿ ಕೇಣ್ ಮಗಾ, ಟರ್ಪಾಲ್ ಕೊಡಿ ಅಂದೇಳಿ," ಎಂದಳು ಬಾಗಿ.

"ನೀವೇ ಹೇಳಿ ದೊಡ್ಡಮ್ಮ."

"ನಾನಾ? ಕಂಬಳಿ ಲಿಸ್ಟಂಗೆ ನನ್ ಹೆಸ್ರ್ ಇತ್ತ್ ಮಾರಾಯ್ತಿ. ಈಗ ಬಾಯಿ ಮಾಡಿರೆ ತೆಗಿತ್ರ್."

"ಕಂಬಳಿ ಎಂತಕ್ಕೆ ನಿಮ್ಗೆ? ರಾತ್ರಿ ಫ್ಯಾನ್ ಹಾಕ್ಕಂಡ್ ಮಲ್ಗತ್ರಿ."

"ಧರ್ಮಕ್ಕೆ ಕೊಡ್ವತಿಗೆ ಬ್ಯಾಡ ಅಂಬುಕಾತ್ತಾ?"

ವನಜ ಹೋದಳು. ಚಪ್ಪರದ ಕಂಬ ಹಿಡಿದು ನಿಂತಳು. ಒಳಗೆ ಗಂಭೀರ ಸಭೆ. ಕಡಲು ಕಾಯುವ ದೈವ ಬೊಬ್ಬರ್ಯನ ಗುಡಿಯಲ್ಲಿ ಮೈಮೇಲೆ ದರ್ಶನ ಬರುವ ಪಾತ್ರಿ ಚಂದಯ್ಯನನ್ನೂ ಕರೆಸಿದ್ದರು.

"ಮಳಿ ಬಪ್ಪುಕೆ ಹರ್ಕಿ ಹೇಳ್ಕಂತ್ರ್, ನಿಲ್ಲುಕೂ ಹೇಳ್ಕಂತ್ರ್," ಎಂದ ಗುಡ್ಡ. "ಚಳಿಗೆ ಎಂತ ಹೇಳ್ಕಂಬುದ್ ಮಾರ್ರೆ?"

ಚಂದಯ್ಯ ತಲೆ ಕೆರೆದುಕೊಂಡ. ಅವನ ಅಜ್ಜನ ಕಾಲದಿಂದಲೂ ಈ ಕಡಲ ಬದಿಯಲ್ಲಿ ಯಾರೂ ಚಳಿ ಬೇಡಿದ್ದಿಲ್ಲ. ಕಡೆಗೆ, "ಬೊಂಡದ ನೀರಿನ ಅಭಿಷೇಕ ಮಾಡ್ವ. ದೇವ್ರಿಗೆ ತಂಪಾರೆ ಊರಿಗೂ ತಂಪಾತ್ತ್," ಎಂದ. ಎಲ್ಲರೂ ತಲೆಯಾಡಿಸಿದರು. ದೇವರಿಗೆ ತಂಪು ಹೆಚ್ಚಾದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ.

ಪ್ರೇಮಾನಂದನ ಕಣ್ಣು ಕಂಬದ ಕಡೆ ತಿರುಗಿತು. "ಎಂತ ಹೆಣೆ? ಕಂಬಳಿ ಹಿರಿಯರಿಗೆ ಮಾತ್ರ. ನೀ ಇನ್ನ್ ಮೂವತ್ತ್ ವರ್ಷ ಬಿಟ್ಟ್ ಬಾ."

ಎಲ್ಲರೂ ನಕ್ಕರು. ವನಜ ಮೇಲಿನ ಟರ್ಪಾಲನ್ನು ನೋಡಿದಳು, ಕಾಲಿನ ಹೆಬ್ಬೆರಳನ್ನು ನೋಡಿದಳು, ತಿರುಗಿ ಬಂದಳು. ಅಲ್ಲಿ ಆಡದ ಮಾತು ದಾರಿಯುದ್ದಕ್ಕೂ ಚೆನ್ನಾಗಿ ಜೋಡಣೆಯಾಯಿತು.

ಗುರುವಾರ ಎಳನೀರಿನ ಅಭಿಷೇಕವಾಯಿತು. ಶುಕ್ರವಾರ ಬೆಳಿಗ್ಗೆ ನಿಜಕ್ಕೂ ಗಾಳಿ ತಣ್ಣಗಾಯಿತು. ಸೂರ್ಯನ ಪತ್ತೆಯಿಲ್ಲ. ಬಳಗದವರು ಒಬ್ಬರಿಗೊಬ್ಬರು ಚಳಿಗೆ ನವಿರೆದ್ದ ಕೈ ತೋರಿಸಿಕೊಂಡರು. ಹೆಮ್ಮಾಡಿಯಿಂದ ಕಾರು ಬಂತು. ಹಿರಿಯರನ್ನು ಸಾಲಾಗಿ ಕೂರಿಸಿ ಕಂಬಳಿ ಹೊದೆಸಿದರು. ಎರಡನೇ ಕುರ್ಚಿಯಲ್ಲಿ ಬಾಗಿ, ಮದುಮಗಳ ಹಾಗೆ.

"ಹ್ವಾಯ್ ಅಜ್ಜಯ್ಯ, ಒಂಚೂರ್ ನಡ್ಗಿ ಕಾಂಬ," ಎಂದ ಫೋಟೋ ತೆಗೆಯುವ ರತೀಶ್.

"ನಡ್ಗುಕೆ ಚಳಿ ಬೇಕಲ್ದಾ ಮಗಾ?"

"ಚಳಿ ಆಮೇಲ್ ಬತ್ತ್. ನೀವ್ ಈಗ್ಳೇ ನಡ್ಗಿನಿ."

ಅಜ್ಜಯ್ಯ ನಡುಗಿದರು. ಸಾಲಿಗೆ ಸಾಲೇ ನಡುಗಿತು. ಪ್ರೇಮಾನಂದ ಮೈಕ್ ಹಿಡಿದ.

ಆ ಹೊತ್ತಿಗೆ ಕಡಲ ಬದಿಯಲ್ಲಿ ಮೊದಲ ಹನಿ ಬಿದ್ದದ್ದು ವನಜಳ ಮುಂಗೈ ಮೇಲೆ. ಅವಳು ಬುಟ್ಟಿಗೆ ಮೀನು ತುಂಬತೊಡಗಿದಳು. ಒಂದು ಬುಟ್ಟಿ ತುಂಬಿತು. ಬಲೆಯ ಒಂದು ಮೂಲೆಯಷ್ಟೇ ಖಾಲಿಯಾಗಿತ್ತು. ಉಳಿದ ಹೆಂಗಸರೆಲ್ಲ ಚಪ್ಪರದಲ್ಲಿ, ತಮ್ಮ ಅತ್ತೆಯರ ಕಂಬಳಿ ಕಾಯುತ್ತ ಇದ್ದರು. ವನಜ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು.

"ನಾವು ಕೇಳಿದ ತಂಪನ್ನು ದೇವರು ಕರುಣಿಸಿದ್ದಾನೆ," ಎನ್ನುತ್ತಿದ್ದ ಪ್ರೇಮಾನಂದ. ಟರ್ಪಾಲಿನ ಮೇಲೆ ಪಟಪಟ ಸದ್ದಾಯಿತು. ಅವನು ದನಿ ಏರಿಸಿದ. ಬಿದ್ದದ್ದು ಹೂಮಳೆಯೇ ಎಂಬಂತೆ ಮುಖ್ಯ ಅತಿಥಿಗಳು ಮೇಲೆ ನೋಡಿ ನಕ್ಕರು. ಜನ ಚಪ್ಪಾಳೆ ತಟ್ಟಿದರು.

ವನಜ ಈ ಸಲ ಕಂಬದ ಹತ್ತಿರ ನಿಲ್ಲಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಎದುರಿಗೇ ಹೋದಳು. ತಲೆಯಿಂದ ನೀರು ಇಳಿಯುತ್ತಿತ್ತು, ಕೈಯಲ್ಲಿ ಮೀನಿನ ಉಪ್ಪು.

"ಪ್ರೇಮಣ್ಣ, ನಮ್ ಟರ್ಪಾಲ್ ಕೊಡಿ."

ಪ್ರೇಮಾನಂದ ಅವಳ ತಲೆಯ ಮೇಲಿಂದ ಸಭೆಯನ್ನು ನೋಡುತ್ತ ಅತಿಥಿಗಳ ದೊಡ್ಡ ಗುಣದ ವರ್ಣನೆಯನ್ನು ಮುಂದುವರಿಸಿದ. ಗುಡ್ಡ ಮೊಬೈಲ್ ನೋಡಿಕೊಂಡ. ಫೋಟೋಕ್ಕೆ ಅಡ್ಡ ಬಂದಳೆಂದು ರತೀಶ್ ಎರಡು ಹೆಜ್ಜೆ ಬಲಕ್ಕೆ ಸರಿದ. ಬಾಗಿ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡಳು; ಈಗ ಅವಳು ನಿಜವಾಗಿಯೂ ನಡುಗುತ್ತಿದ್ದಳು.

ಮಳೆ ಜೋರಾಯಿತು. ವನಜ ಮೈಕಿಗಿಂತ ದೊಡ್ಡದಾಗಿ ಹೇಳಿದಳು:

"ನನ್ ಮೀನ್ ಒದ್ದಿ ಆತಿತ್ತ್. ಯಾರಾರೂ ಒಬ್ರ್ ಆ ಹಗ್ಗ ಬಿಚ್ಚಿ ಕೊಡಿ."