ಒಂದೇ ಗೋಡೆಯ ಮೆಹರಾಜಬೇಗಂ

ಆಳಂದದ ಮೇ ತಿಂಗಳ ಬಿಸಿಲಿನಲ್ಲಿ, ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲೂ, ಮೆಹರಾಜಬೇಗಂ ಸೀರೆಯ ಮೇಲೆ ಕಂದು ಬಣ್ಣದ ಗಂಡಸರ ಕೋಟು ತೊಟ್ಟೇ ಬಸ್ ಸ್ಟ್ಯಾಂಡಿನ ಹಿಂದಿರುವ ಕಟ್ಟಡಗಳ ನಕ್ಷೆ ಬರೆಯುವ ತಮ್ಮ ಅಂಗಡಿಗೆ ಬರುತ್ತಾರೆ. ಅದು ಅವರಿಗೆ ಕೆಲಸ ಕಲಿಸಿದ ಶರಫುದ್ದೀನರ ಕೋಟು. ಮಸಿಯಲ್ಲಿ ಗೆರೆ ಎಳೆಯುತ್ತಿದ್ದ ಆ ಮುದುಕರು ಹೋಗುವಾಗ ಬಿಟ್ಟದ್ದು ಒಂದು ಓರೆ ಮೇಜು ಮತ್ತು ಈ ಕೋಟು. ಮೇಜನ್ನು ಕಂಪ್ಯೂಟರು ಮೂಲೆಗೆ ತಳ್ಳಿತು. ಕೋಟನ್ನು ತಳ್ಳಲು ಯಾರಿಂದಲೂ ಆಗಿಲ್ಲ.

"ಸೆಕಿ ಆಗಂಗಿಲ್ಲೇನ್ರಿ ಆಪಾ?" ಎಂದು ಯಾರಾದರೂ ಕೇಳಿದರೆ, "ಸೆಕಿ ನನಗ, ಬೆವರು ನಿಮಗ್ಯಾಕ?" ಎನ್ನುತ್ತಾರೆ.

ಪ್ರತಿ ಹೆಜ್ಜೆಗೂ ನೆಲ ಗಟ್ಟಿಯಿದೆಯೇ ಎಂದು ಪರೀಕ್ಷಿಸುವವರಂತೆ ಹಿಮ್ಮಡಿ ಊರಿ ಊರಿ ನಡೆಯುವುದು ಅವರ ರೀತಿ, ಮಾತು ಮುಗಿದಾಗ "ಬರೋಬ್ಬರಿ?" ಎನ್ನುವುದು ಅಭ್ಯಾಸ. ಅದು ಪ್ರಶ್ನೆಯಲ್ಲ, ಮುದ್ರೆ.

ಅವರ ಕೆಲಸದಲ್ಲೂ ಒಂದು ಹಠವಿದೆ. ಯಾವ ಕಟ್ಟಡವನ್ನೂ ಅವರು ಒಂದೇ ಫೈಲಿನಲ್ಲಿ ತುಂಬುವುದಿಲ್ಲ. ಕಂಬಗಳಿಗೆ ಒಂದು, ಮೆಟ್ಟಿಲಿಗೆ ಒಂದು, ನಿವೇಶನದ ಅಳತೆಗೆ ಇನ್ನೊಂದು. ಮುಖ್ಯ ನಕ್ಷೆ ಅವುಗಳನ್ನು ಹೊರಗಿನಿಂದ ಕರೆದು ತೋರಿಸುತ್ತದೆಯೇ ಹೊರತು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಮೆಟ್ಟಿಲನ್ನು ಅದರ ಫೈಲಿನಲ್ಲಿ ಒಮ್ಮೆ ತಿದ್ದಿದರೆ ಸಾಕು, ಅದನ್ನು ಕರೆದ ಎಲ್ಲ ನಕ್ಷೆಗಳಲ್ಲೂ ಅದು ತಿದ್ದಿಕೊಳ್ಳುತ್ತದೆ. ಆದರೆ ಆ ಫೈಲು ಇದ್ದ ಜಾಗದಲ್ಲಿ, ಇದ್ದ ಹೆಸರಿನಲ್ಲಿ ಇರಬೇಕು. ಜೇವರ್ಗಿಯ ಗುತ್ತಿಗೆದಾರ ಪರಮೇಶ ಫೋಲ್ಡರಿನ ಹೆಸರು ಬದಲಿಸಿಬಿಟ್ಟು, ಕಂಬಗಳೆಲ್ಲ ಮಾಯವಾದ ಶಾದಿಮಹಲಿನ ನಕ್ಷೆ ಹಿಡಿದು ಓಡಿ ಬಂದಿದ್ದ.

"ನಿಮ್ಮ ಹೆಸರ ಬದಲ ಮಾಡಿ ಊರಾಗ ಕೇಳಿದ್ರ ನೀವರ ಸಿಗ್ತೀರೇನ್ರಿ?" ಎಂದರು ಮೆಹರಾಜಬೇಗಂ.

"ಎಲ್ಲಾ ಒಂದರಾಗ ಸೇರಿಸಿ ಕೊಟ್ಟಬಿಡ್ರಿ ಆಪಾ, ತಲಿಬ್ಯಾನಿ ತಪ್ಪತದ."

"ತಪ್ಪಂಗಿಲ್ಲ. ನಾಳಿಗಿ ಹತ್ತು ಮಂದಿ ಕೈಯಾಗ ಹತ್ತು ನಕಲು ಇರ್ತಾವ, ಖರೇದು ಯಾವುದಂತ ಯಾರಿಗೂ ತಿಳ್ಯಂಗಿಲ್ಲ. ಬರೋಬ್ಬರಿ?"

ಈ ಹಠಕ್ಕೆ ಅವರು ಬೆಲೆ ತೆತ್ತದ್ದು ಮಾದನಹಿಪ್ಪರಗಾದ ದೌಲತರಾಯರ ಮನೆಯ ವಿಷಯದಲ್ಲಿ. ದೌಲತರಾಯರೂ ಅವರ ತಮ್ಮ ಶಾಂತಕುಮಾರನೂ ಹಿರಿಯರ ಮನೆಯನ್ನು ಪಾಲು ಮಾಡಿಕೊಂಡು ತಂತಮ್ಮ ಭಾಗವನ್ನು ಹೊಸದಾಗಿ ಕಟ್ಟಿಸಲು ಹೊರಟಿದ್ದರು. ನಡುವಿನ ಕಲ್ಲಿನ ಗೋಡೆ ಮಾತ್ರ ಇಬ್ಬರದೂ. ಎರಡೂ ಕಡೆಯ ತೊಲೆಗಳು ಅದರ ಮೇಲೆಯೇ ಕೂರಬೇಕು. ಮೆಹರಾಜಬೇಗಂ ಆ ಗೋಡೆಗೆ ಒಂದೇ ಫೈಲು ಮಾಡಿ ಎರಡೂ ನಕ್ಷೆಗಳಿಗೆ ಜೋಡಿಸಿದ್ದರು. ಮಾದನಹಿಪ್ಪರಗಾದಲ್ಲಿ ಕಟ್ಟಲಿದ್ದ ಸಮುದಾಯ ಭವನದ ನಕ್ಷೆಯ ಕೆಲಸ ಯಾರಿಗೆ ಹೋಗಬೇಕೆಂಬುದು ಊರ ಹಿರಿಯರಾದ ದೌಲತರಾಯರ ಮಾತಿನ ಮೇಲೆ ನಿಂತಿತ್ತು. ಅದು ತಮಗೇ ಬರುತ್ತದೆಂದು ಮೆಹರಾಜಬೇಗಂ ನಂಬಿದ್ದರು.

ಒಂದು ದಿನ ದೌಲತರಾಯರು ಒಬ್ಬರೇ ಬಂದು ನಕ್ಷೆಯ ಗೋಡೆಯ ಮೇಲೆ ಒಂದು ಕಡೆ ಬೆರಳಿಟ್ಟರು.

"ಆಪಾ, ಇಲ್ಲಿ ಗೋಡಿ ಅರ್ಧ ಕೊರದು ನನ್ನ ಕಡೆ ಒಂದು ಅಲಮಾರಿ ತೋರಸ್ರಿ. ತಮ್ಮನ ನಕ್ಷಾದಾಗ ಹ್ಯಾಂಗದ ಹಾಂಗ ಇರ್ಲಿ."

"ಗೋಡಿ ಒಂದ ಅದ ಅಣ್ಣಾ, ಫೈಲೂ ಒಂದ. ನಿಮ್ಮ ಕಡೆ ಕೊರದ್ರ ಅವರ ಕಡೇನೂ ಕಾಣಸ್ತದ."

"ಅದಕ್ಕ ಹೇಳಾಕತ್ತೇನಿ, ನಂದಕ್ಕ ಬ್ಯಾರೆ ನಕಲು ಮಾಡ್ರಿ."

"ಮಾಡಂಗಿಲ್ಲ."

ಆ ಜಾಗ ಮೆಹರಾಜಬೇಗಂ ಅವರ ಕಣ್ಣ ಮುಂದಿತ್ತು. ಅಳತೆಗೆ ಹೋದ ದಿನ ಅಲ್ಲಿ, ಗೋಡೆಯ ಆಚೆ ಬದಿಗೆ ತಾಗಿದ್ದ ಮಂಚವನ್ನು ಅವರೇ ಸರಿಸಿದ್ದರು. ಶಾಂತಕುಮಾರನ ಜೊತೆಗಿರುವ ತಾಯಿ ಗುರುಶಾಂತಮ್ಮ ಮಲಗುವ ಮಂಚ ಅದು.

"ಭವನದ ಕೆಲಸ ಬ್ಯಾಡೇನು?" ದೌಲತರಾಯರು ನಗುತ್ತಲೇ ಕೇಳಿದರು.

ಆ ಭವನದ ವೇದಿಕೆ, ಅಡುಗೆಮನೆ ಯಾವ ಯಾವ ಫೈಲಿನಲ್ಲಿರಬೇಕೆಂದು ಮೆಹರಾಜಬೇಗಂ ಆಗಲೇ ಮನಸ್ಸಿನಲ್ಲಿ ಬಿಡಿಸಿಟ್ಟುಕೊಂಡಿದ್ದರು.

"ಬೇಕ್ರಿ. ಇದರ ಸಲುವಾಗಿ ಬ್ಯಾಡ."

ಹಾಗಾದರೆ ನನ್ನ ನಕ್ಷೆ ಕೊಡಿ, ಅಫಜಲಪುರದಲ್ಲಿ ಮಾಡಿಸುತ್ತೇನೆ ಎಂದರು ದೌಲತರಾಯರು. ಮೆಹರಾಜಬೇಗಂ ದೌಲತರಾಯರ ಮನೆಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, "ಗೋಡಿ ಫೈಲ್ ಇದರಾಗಿಲ್ಲ. ಅಣ್ಣ ತಮ್ಮ ಕೂಡಿ ಬಂದ್ರ ಕೊಡ್ತೇನಿ. ಹೇಳಿಲ್ಲ ಅನಬ್ಯಾಡ್ರಿ" ಎಂದರು.

ಮಧ್ಯಾಹ್ನ ಅಫಜಲಪುರದಿಂದ ದೌಲತರಾಯರ ಫೋನು. "ಆಪಾ, ಏನ್ ಮಾಡೀರಿ! ಗೋಡಿ ಇರೋ ಜಾಗಾದಾಗ ಬರೇ ಫೈಲಿನ ಹೆಸರಿನ ಒಂದ ಸಾಲು ಅಕ್ಷರ ಅದ. ನನ್ನ ಮನಿ ಶಾಂತ್ಯಾನ ಕಡೆ ತೆರಕೊಂಡ ಕುಂತದ!"

"ಹೌದ್ರಿ. ಕೂಡಿ ಬರ್ರಿ, ಮುಚ್ಚಿ ಕೊಡ್ತೇನಿ."

ಗೋಡೆಯನ್ನು ಹೊಸದಾಗಿ ಬರೆಸಬೇಕೆಂದರೆ ಆಚೆ ಕಡೆಯಿಂದಲೂ ಅಳೆಯಬೇಕು. ಅಳೆಯಲು ಹೋದರೆ ತಮ್ಮನಿಗೆ ತಿಳಿಯುತ್ತದೆ. ನಕ್ಷೆಯಲ್ಲಿ ಅವನಿಗೇನು ಅರ್ಥವಾದೀತು ಎಂಬ ಧೈರ್ಯದಿಂದ ದೌಲತರಾಯರು ಮರುದಿನ ಶಾಂತಕುಮಾರನನ್ನೂ ಕರೆತಂದರು. ಮೆಹರಾಜಬೇಗಂ ಪರದೆಯ ಮೇಲೆ ಎರಡೂ ಮನೆಗಳನ್ನು ಅಕ್ಕಪಕ್ಕ ತೆರೆದರು.

"ಅಲಮಾರಿ ಎಲ್ಲಿ ಅಂದ್ರಿ ಅಣ್ಣಾ?"

"ಈಗ್ಯಾಕ ಅದು? ಫೈಲ್ ಅಷ್ಟ ಕೊಡ್ರಿ."

ಮೆಹರಾಜಬೇಗಂ ಗೋಡೆಯ ಫೈಲಿನಲ್ಲಿ ಅಲಮಾರಿಯಷ್ಟು ಜಾಗ ಕೊರೆದು ಸೇವ್ ಮಾಡಿದರು. ಎರಡೂ ನಕ್ಷೆಗಳಲ್ಲಿ ಗೋಡೆ ಒಟ್ಟಿಗೇ ತೆಳುವಾಯಿತು. ಶಾಂತಕುಮಾರನ ನಕ್ಷೆಯಲ್ಲಿ, ಆ ತೆಳು ಭಾಗಕ್ಕೆ ತಲೆ ಕೊಟ್ಟು, ಮಂಚದ ಚೌಕವೊಂದಿತ್ತು.

ಶಾಂತಕುಮಾರ ಬೆರಳಿಟ್ಟು ತೋರಿಸಿದ. "ಅಣ್ಣಾ, ಇಲ್ಲಿ ಅವ್ವ ಮಲಗ್ತಾಳ."

"ಮಲಗ್ಲಿ. ಅಲಮಾರಿ ಏನ್ ಆಕಿನ್ನ ನುಂಗ್ತದೇನು?"

"ತೊಲಿ ಕೂಡೋದೂ ಅಲ್ಲೇ," ಎಂದರು ಮೆಹರಾಜಬೇಗಂ. "ಅರ್ಧ ಗೋಡಿ ಎರಡು ಮನಿ ಭಾರ ಹೊರಂಗಿಲ್ಲ. ಬರೋಬ್ಬರಿ?"

ದೌಲತರಾಯರು ಎದ್ದರು. "ನಮ್ಮೂರಿಂದ ಒಬ್ಬರೂ ಈ ಅಂಗಡಿ ಹತ್ತಂಗಿಲ್ಲ, ನೋಡ್ತಿರ್ರಿ."

"ನೋಡ್ತೇನಿ. ಬಾಗಲಾ ತೆರದೇ ಇರ್ತದ."

ಅವರು ಹೋದ ಮೇಲೆ ಮೆಹರಾಜಬೇಗಂ ಕೊರೆದದ್ದನ್ನು ಅಳಿಸಿ, ಸೇವ್ ಮಾಡಿ, ಎರಡೂ ಮನೆಗಳಲ್ಲಿ ಗೋಡೆ ಮೊದಲಿನಂತಾದದ್ದನ್ನು ನೋಡಿದರು. ದೌಲತರಾಯರು ಆಡಿದಂತೆಯೇ ಮಾಡಿದರು. ಭವನದ ಕೆಲಸ ಅಫಜಲಪುರಕ್ಕೆ ಹೋಯಿತು. ಮಾದನಹಿಪ್ಪರಗಾದ ಬಸ್ಸಿನಿಂದ ಇಳಿದವರು ಇಂದಿಗೂ ಅಂಗಡಿ ತಪ್ಪಿಸಿ ರಸ್ತೆಯ ಆಚೆ ಬದಿಯಿಂದ ಹಾದುಹೋಗುತ್ತಾರೆ. ಗೋಡೆಗೆ ಮಾತ್ರ ಉಳಿ ಮುಟ್ಟಿಸಲು ಶಾಂತಕುಮಾರ ಬಿಡಲಿಲ್ಲ. "ಒಂದ ನಕಲು ಕೊಟ್ಟಿದ್ರ ಏನ್ ಹೋಗ್ತಿತ್ತು ಆಪಾ?" ಎಂದು ಹಿತೈಷಿಗಳು ಕೇಳಿದರೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ಗೋಡಿ ಹೋಗ್ತಿತ್ತು" ಎನ್ನುತ್ತಾರೆ.

ಇಂಥವರು ಊರಿಗೆ ಒಂದು ಕಿರಿಕಿರಿ. ಅವರು ಭಾಷಣ ಮಾಡುವುದಿಲ್ಲ, ಯಾರನ್ನೂ ತಿದ್ದಲು ಹೊರಡುವುದಿಲ್ಲ; ಒಬ್ಬೊಬ್ಬನಿಗೂ ಅವನವನಿಗೆ ಒಪ್ಪುವ ನಿಜವನ್ನು ಬೇರೆ ಬೇರೆಯಾಗಿ ಬರೆದುಕೊಡಲು ಒಲ್ಲೆನೆನ್ನುತ್ತಾರೆ, ಅಷ್ಟೇ. ಆ ಒಲ್ಲೆನೆಂಬ ಮಾತಿನಿಂದ ಕೆಲಸ ಕೆಡುತ್ತದೆ, ನೆಂಟರು ಮುನಿಯುತ್ತಾರೆ, ಅಂಗಡಿ ಬಿಕೋ ಎನ್ನುತ್ತದೆ. ಆದರೆ ಎಲ್ಲೋ ಯಾರೋ ಗೋಡೆಯ ಕಡೆ ತಲೆಯಿಟ್ಟು ನಿಶ್ಚಿಂತೆಯಿಂದ ಮಲಗಿರುತ್ತಾರೆ. ಆ ಗೋಡೆ ಯಾರ ಹಠದಿಂದ ದಪ್ಪವಾಗಿಯೇ ಉಳಿಯಿತೆಂದು ಅವರಿಗೆ ತಿಳಿದಿರುವುದಿಲ್ಲ, ತಿಳಿಸಲು ಇವರು ಹೋಗುವುದೂ ಇಲ್ಲ.