ಪಡುವಣಕ್ಕೆ ತಿರುಗಿದ ಮುಖ

ಹಷೂಬನಿಗೆ ಸಾಕುಸಾಕಾಗಿತ್ತು. ಹಿರಿಯರು ಸೆರೆಯಾಗಿ ಹೋಗಿದ್ದ ಬಾಬಿಲೋನಿನಿಂದ ಯೆರೂಸಲೇಮಿಗೆ ನಡೆದು ಬರುವಾಗ ಮೈಯಲ್ಲಿ ಕಸುವಿತ್ತು. ದೇವಾಲಯದ ಅಂಗಳದಲ್ಲಿ ನಿಂತು ಬಲಿಯ ಹೊಗೆ ಏಳುವುದನ್ನು ಕಣ್ತುಂಬ ನೋಡಿದರೆ ಜನ್ಮ ಸಾರ್ಥಕ ಅಂದುಕೊಂಡಿದ್ದ. ನೋಡಿದ್ದೂ ಆಯಿತು. ಆಮೇಲೆ ಸಿಕ್ಕಿದ್ದು ಕಲ್ಲು ಹೊರುವ ಕೆಲಸ, ಹುಳ ಹತ್ತಿದ ಜವೆಗೋದಿ, ಮತ್ತೆ ಸಭೆಗಳು. ಅಯ್ಯೋ, ಆ ಸಭೆಗಳೋ, ಕೇಳಿ ಕೇಳಿ ದೇವರಿಗೂ ತಲೆನೋವು ಬಂದಿರಬೇಕು.

ಈಗ ಸಭೆಯ ಹೊಸ ಅಪ್ಪಣೆಯಾಗಿತ್ತು. ಪರಜನಾಂಗದ ಹೆಣ್ಣನ್ನು ತಂದುಕೊಂಡವರು ಅವಳನ್ನೂ ಅವಳ ಮಕ್ಕಳನ್ನೂ ತವರಿಗೆ ಕಳಿಸಿಬಿಡಬೇಕು. ಕಳಿಸದ ಮನೆಯ ಯಜಮಾನ ಇನ್ನು ದೇವಾಲಯದ ಅಂಗಳಕ್ಕೆ ಕಾಲಿಡುವಂತಿಲ್ಲ. ಹಷೂಬನ ಸೊಸೆ ಅರಿಷಾ ಕಡಲ ಕಡೆಯ ಪರಜನರ ಊರು ಅಷ್ದೋದಿನವಳು. ಮಗ ಮಲ್ಲೂಕ, "ನೀನು ಹೇಳಿದ ಹಾಗಪ್ಪ" ಅಂದವನೇ ಕತ್ತೆ ಹೊಡೆದುಕೊಂಡು ಯೆರಿಕೋವಿಗೆ ಹೋಗಿಬಿಟ್ಟಿದ್ದ. ಪುಕ್ಕಲ ಅನ್ನಬೇಕು ಅಂಥವನನ್ನು.

ಸಂಜೆ ಸಭೆಯ ಹಿರಿಯ ಪೆಲಟ್ಯ ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದ. ಬಾಬಿಲೋನಿನಲ್ಲಿ ಇಬ್ಬರೂ ಒಂದೇ ಕಾಲುವೆಯ ದಂಡೆಯಲ್ಲಿ ಆಡಿ ಬೆಳೆದವರು.

"ಏನಂತೀಯೋ ಹಷೂಬಾ? ನಾಳೆ ಬೆಳಿಗ್ಗೆ ಎಲ್ಲರೂ ಕಳಿಸ್ತೀವಿ ಅಂತ ಆಣೆ ಇಡ್ತಾರೆ."

"ಕೂತ್ಕೊ ಮಾರಾಯ. ಮೊದಲು ಸುಧಾರಿಸ್ಕೊ."

"ಮಾತು ಮರೆಸಬೇಡ. ಮೊನ್ನೆ ನಿನ್ನ ಮೊಮ್ಮಗ ನನ್ನ ಮುಖ ನೋಡಿ ಅಷ್ದೋದಿನ ಮಾತಲ್ಲಿ ಏನೋ ಅಂದ."

"ಬೈದಿರ್ತಾನೆ ಬಿಡು. ಯಾವ ಮಾತಲ್ಲಿ ಬೈದರೇನು."

ಪೆಲಟ್ಯ ನಗಲಿಲ್ಲ. "ಕಂಡ ಕಂಡ ದೇವರಿಗೆ ಅಡ್ಡಬಿದ್ದು ಒಂದ್ಸಲ ಈ ಊರನ್ನ ಕಳ್ಕೊಂಡ್ವಿ. ಇನ್ನೊಂದ್ಸಲ ಕಳ್ಕೊಳ್ಳೋ ಶಕ್ತಿ ನಂಗಿಲ್ಲ ಕಣೋ."

ಬೈದಿದ್ದರೆ ಹಷೂಬನೂ ತಿರುಗಿ ಬೈಯುತ್ತಿದ್ದ. ಆದರೆ ಆ ದನಿಯಲ್ಲಿ ಇದ್ದದ್ದು ತನ್ನದೇ ದಣಿವು. ಹೇಳುವುದೂ ಸುಳ್ಳಲ್ಲ. 'ಆಯ್ತು' ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಸಂಜೆಯ ಬಲಿಗೆ ಯಾಜಕರು ಕಹಳೆ ಊದಿದರು. ಮುದುಕರಿಬ್ಬರೂ ಮಂಡಿ ಹಿಡಿದುಕೊಂಡು ಎದ್ದರು, ಮುಸುಕು ಹೊದ್ದರು, ಕಣ್ಣು ಮುಚ್ಚಿ ಕೈಯೆತ್ತಿ ನಿಂತರು. ಬೇಯಿಸಿದ ಬೇಳೆ ಹಿಡಿದು ಮೆಟ್ಟಿಲು ಹತ್ತಿ ಬಂದ ಅರಿಷಾ ಅವರನ್ನು ನೋಡಿ ಅಲ್ಲೇ ನಿಂತಳು.

"ಮಾವ," ಅಂದಳು ಮೆಲ್ಲಗೆ, "ದೇವಾಲಯ ಆ ಕಡೆ ಅಲ್ವಾ?"

ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಮುಳುಗುವ ಸೂರ್ಯ, ಯಾರದೋ ಆಡಿನ ದೊಡ್ಡಿ. ಬಾಬಿಲೋನಿನಲ್ಲಿ ಹುಟ್ಟಿದಾಗಿನಿಂದ ಯೆರೂಸಲೇಮೆಂದರೆ ಪಡುವಣ; ಪಡುವಣಕ್ಕೇ ಕೈಮುಗಿದು ಕೈಮುಗಿದು ಅದೇ ರೂಢಿಯಾಗಿತ್ತು. ಯಾವುದಕ್ಕಾಗಿ ಅಷ್ಟು ದೂರ ನಡೆದು ಬಂದರೋ ಆ ದೇವಾಲಯ ಬೆನ್ನ ಹಿಂದಿತ್ತು.

"ಇವಳು ಹೇಳ್ಕೊಡಬೇಕಾ ನಮಗೆ?" ಪೆಲಟ್ಯ ಗೊಣಗಿದ.

"ನಮ್ಮಿಬ್ಬರಿಗೂ ತಿಳೀಲಿಲ್ವಲ್ಲಪ್ಪ."

ಅರಿಷಾ ಬಟ್ಟಲನ್ನು ಕೆಳಗಿಟ್ಟಳು. "ಗಂಟು ಕಟ್ಟಿಟ್ಟಿದ್ದೀನಿ ಮಾವ. ನೀವು ಹೇಳಿದ್ರೆ ಬೆಳಿಗ್ಗೇನೇ ಹೊರಡ್ತೀನಿ. ಮಗೂಗೆ ನಿಮ್ಮ ಕಂಬಳಿ ಕೊಡಿ, ದಾರೀಲಿ ಚಳಿ."



"ಗಂಟು ಬಿಚ್ಚಮ್ಮ," ಅಂದ ಹಷೂಬ.

"ನಾಳೆಯಿಂದ ಅಂಗಳದ ಬಾಗಿಲು ನಿಂಗೆ ಮುಚ್ಚಿದ ಹಾಗೇ," ಅಂದ ಪೆಲಟ್ಯ. "ಇದಕ್ಕೇನೋ ನಾವು ಬಂದದ್ದು?"

ಹಷೂಬನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ದೂರ ನಿಂತು ಪ್ರಾರ್ಥನೆ ಮಾಡೋದು ನಂಗೇನು ಹೊಸದಲ್ಲ ಕಣೋ. ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ. ಇನ್ನು ಮೇಲೆ ಇಲ್ಲಿಂದ ಮಾಡ್ತೀನಿ."