ದನದ ಆಸ್ಪತ್ರೆಗೆ ಹೋದ ಚಿಕ್ಕಮುನಿಯಪ್ಪ

ಪೆನ್ನಾಗರದಿಂದ ಹೊಗೆನಕಲ್ ಕಡೆಗೆ ಇಳಿಯುವ ದಾರಿಯ ಪಕ್ಕದ ಹಟ್ಟಿಯೊಂದರಲ್ಲಿ ಚಿಕ್ಕಮುನಿಯಪ್ಪನ ಮನೆ. ಮೆಟ್ಟೂರಿನ ಅಣೆಕಟ್ಟು ಮುಗಿದು ಒಂದೆರಡು ವರ್ಷವಾಗಿದ್ದ ಕಾಲ ಅದು. ಅವನಿಗೆ ಐವತ್ತೈದು ದಾಟಿತ್ತು. ಮೊದಲ ಹೆಂಡತಿ ತೀರಿಕೊಂಡು, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ ಮೇಲೆ ಅವನು ಹರೂರಿನ ಸೊಣ್ಣಮ್ಮನನ್ನು ಮನೆಗೆ ಕರೆತಂದಿದ್ದ. ಅವಳೂ ಗಂಡನನ್ನು ಕಳೆದುಕೊಂಡವಳು, ನಲವತ್ತರ ಆಸುಪಾಸು. ಅವರ ಕುರುಬ ಜನರಲ್ಲಿ ಅಂಥ ಕೂಡಿಕೆಗೆ ಅಡ್ಡಿಯಿರಲಿಲ್ಲ.

ಸಂಜೆ ಹೊತ್ತು ಮಾತಾಡಲು ಒಂದು ಜೀವ ಬೇಕೆಂದು ಮಾಡಿಕೊಂಡ ಸಂಬಂಧ. ಆದರೆ ಅದು ಮಾತಿಗೇ ನಿಲ್ಲಲಿಲ್ಲ. ಮೊದಲ ವರ್ಷ ಇಬ್ಬರೂ ಹೊಸ ಮದುಮಕ್ಕಳಂತೆ ಇದ್ದುದನ್ನು ಕಂಡು ಹಟ್ಟಿಯ ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಕುರಿ ಮೇಯಿಸುವುದನ್ನು ಅವನು ತಮ್ಮನ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಉಳಿದ. ಸೊಣ್ಣಮ್ಮ ಅಕ್ಕರೆಯಿಂದ ಅನ್ನಕ್ಕೆ ತುಪ್ಪ ಬೆಲ್ಲ ಕಲಸಿ ಬಡಿಸಿದಳು. ಅವನು ಬೇಡವೆನ್ನದೆ ಉಂಡ.

ಎರಡನೆಯ ವರ್ಷ ಅವನ ಮೈ ಅವನ ಮಾತು ಕೇಳದಾಯಿತು. ಒಂದು ಸಲ ದಣಿವು ಅಂದುಕೊಂಡ. ಇನ್ನೊಂದು ಸಲ ಉಷ್ಣ ಅಂದುಕೊಂಡ. ಆಮೇಲೆ ಪ್ರತಿ ಸಲವೂ ಹಾಗೇ ಆದಾಗ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಸಂತೆಯಲ್ಲಿ ಸಿಕ್ಕ ಒಬ್ಬನಿಂದ ಲೇಹ್ಯ ತಂದು ಕದ್ದು ತಿಂದ. ಹೊಟ್ಟೆ ಉರಿದದ್ದಷ್ಟೇ ಲಾಭ. ಕೊನೆಗೆ ತೋಳದ ಕಾಟ ಅಂತ ಹೇಳಿ ಚಾಪೆ ಕಂಬಳಿ ಎತ್ತಿಕೊಂಡು ಕುರಿದೊಡ್ಡಿಯ ಪಕ್ಕ ಮಲಗತೊಡಗಿದ.

ಸೊಣ್ಣಮ್ಮ ಕೆಲವು ತಿಂಗಳು ಸುಮ್ಮನಿದ್ದಳು. ಒಂದು ಬೆಳಿಗ್ಗೆ ಅವನ ಮುಂದೆ ಅಂಬಲಿ ಇಟ್ಟು ಕೇಳಿಯೇಬಿಟ್ಟಳು.

"ಏನಯ್ಯಾ, ನಾನು ಬ್ಯಾಡವಾದ್ನಾ?"

ಅವನು ಅಂಬಲಿಯೊಳಗೆ ಬೆರಳು ಆಡಿಸಿದ.

"ಬ್ಯಾಡ ಅಂದ್ರೆ ಬಾಯ್ಬಿಟ್ಟು ಯೋಳು. ನಮ್ಮಣ್ಣನ ಮನೆ ಇನ್ನೂ ಐತೆ. ಜಗಳ ಇಲ್ದಂಗೆ ಓಗ್ತೀನಿ."

"ಅಂಗಲ್ಲ ಸೊಣ್ಣೀ," ಅಂದ. ಅಂಬಲಿ ಅರ್ಧಕ್ಕೇ ಬಿಟ್ಟು ಎದ್ದು, ಧರ್ಮಪುರಿಯಲ್ಲಿ ಕೆಲಸ ಐತೆ ಅಂತ ಬಸ್ಸು ಹಿಡಿದ.

ಧರ್ಮಪುರಿಯ ದೊಡ್ಡಾಸ್ಪತ್ರೆಯ ಮುಂದೆ ಜನವೋ ಜನ. ಜಗಲಿಯಲ್ಲಿ ಕೂತ ಕಾಂಪೌಂಡರು ಒಬ್ಬೊಬ್ಬರನ್ನೇ ಕರೆದು "ಏನು ನೋವು, ಎಲ್ಲಿ ನೋವು?" ಅಂತ ಗಟ್ಟಿಯಾಗಿ ಕೇಳುತ್ತಿದ್ದ. ಸಾಲಿನಲ್ಲಿ ಪೆನ್ನಾಗರದ ಪರಿಚಯದ ಮುಖಗಳೂ ಇದ್ದವು. ಚಿಕ್ಕಮುನಿಯಪ್ಪನ ಬಾಯಿ ಒಣಗಿತು. ಕೊಳಾಯಿಯಲ್ಲಿ ಬೊಗಸೆ ಬೊಗಸೆ ನೀರು ಕುಡಿದು ಹೊರಗೆ ಬಂದ. ಊರಿಗೆ ಹಿಂದಿರುಗಿದರೆ ಸೊಣ್ಣಮ್ಮ ಗಂಟು ಕಟ್ಟಿಕೊಂಡಿರುತ್ತಾಳೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಅವನ ಕಾಲು ತನಗೆ ಗೊತ್ತಿದ್ದ ಕಡೆಗೇ ನಡೆಯಿತು. ಹಿಂದೆ ಕುರಿಗಳಿಗೆ ರೋಗ ಬಿದ್ದಾಗ ಔಷಧಕ್ಕೆ ಬಂದಿದ್ದ ದನದ ಆಸ್ಪತ್ರೆಯ ಕಡೆಗೆ.

ಅಲ್ಲಿನ ಡಾಕ್ಟರು ನಾಗರಾಜನ್. ತಮಿಳರು. ಕುರುಬರ ಜೊತೆ ಒಡನಾಡಿ ಕನ್ನಡ ಕಲಿತವರು.

"ವಾಂಗೊ ಪೆರಿಯವರೇ," ಅಂತ ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಕರೆದು ಬೆಂಚು ತೋರಿಸಿದರು. "ಏನು ತೊಂದರೆ?"

"ನಮ್ಮದೊಂದು ಟಗರು ಸಾಮಿ. ವಯಸ್ಸಾಗೈತೆ. ಎಣ್ಣು ಕುರಿ ತಾವ ಓಯ್ತದೆ. ಆಸೆ ಐತೆ. ಆದ್ರೆ ಮೈ ಏಳಂಗಿಲ್ಲ."

"ಮೇವು ತಿನ್ನುತ್ತಾ?"

"ತಿಂತದೆ. ಜಾಸ್ತೀನೇ ತಿಂತದೆ. ಆದ್ರೂ ಬಡವಾಗ್ತಾ ಐತೆ."

"ನೀರು?"

"ಎಷ್ಟು ಕುಡುದ್ರೂ ಸಾಲ್ದು ಸಾಮಿ. ರಾತ್ರಿ ಎಲ್ಲಾ ಎದ್ದೆದ್ದು ಒರಗೆ ಓಗಬೇಕು."

ನಾಗರಾಜನ್ ಒಂದು ಕ್ಷಣ ಅವನ ಮುಖ ನೋಡಿದರು. ಮತ್ತೆ ಮೇಜಿನ ಕಡೆ ತಿರುಗಿ ಕೇಳಿದರು: "ಅದಕ್ಕೆ ಹುಟ್ಟಿದ ಮರಿಗಳು ಎಷ್ಟು?"

"ಇಬ್ಬರೂ ಎಣ್ಣೇ. ಇಬ್ಬರನ್ನೂ ಮದುವೆ ಮಾಡಿ ಕೊಟ್ಟಿವ್ನಿ."

ಬಾಯಿಂದ ಬಿದ್ದ ಮಾತನ್ನು ತಿರುಗಿ ನುಂಗಲಾಗಲಿಲ್ಲ. ಚಿಕ್ಕಮುನಿಯಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ. ಹೊರಗೆ ಯಾರದೋ ಎಮ್ಮೆ ಕೂಗುತ್ತಿತ್ತು. ಡಾಕ್ಟರು ಈಗ ನಗುತ್ತಾರೆ, ಜವಾನನನ್ನು ಕರೆದು ಹೇಳಿ ಅವನನ್ನೂ ನಗಿಸುತ್ತಾರೆ ಅಂತ ಕಾದ.

ನಾಗರಾಜನ್ ಎದ್ದು ಬಾಗಿಲು ಮುಂದೆ ಮಾಡಿ ಬಂದು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು.

"ಪೆರಿಯವರೇ, ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಇದು ಬರೀ ವಯಸ್ಸಿನ ತೊಂದರೆ ಅಂತ ನನಗೆ ಅನ್ನಿಸ್ತಿಲ್ಲ. ನನ್ನ ಗೆಳೆಯರೊಬ್ಬರು ಇದ್ದಾರೆ, ಮನುಷ್ಯರ ಡಾಕ್ಟರು. ಮಧ್ಯಾಹ್ನ ಅಲ್ಲಿ ಯಾರೂ ಇರಲ್ಲ. ನಾನೇ ಕರಕೊಂಡು ಹೋಗ್ತೀನಿ."

ಗೆಳೆಯರ ಹೆಸರು ರಾಜಗೋಪಾಲ್. ಪಕ್ಕದ ಬೀದಿಯ ಮನೆಯಲ್ಲೇ ಅವರ ದವಾಖಾನೆ. ನಾಗರಾಜನ್ ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ, ನಾಲ್ಕು ಮಾತು ತಮಿಳಿನಲ್ಲಿ ಹೇಳಿ, ತಾವು ಹೊರಗೆ ನಿಂತರು. ರಾಜಗೋಪಾಲ್ ಕಣ್ಣು, ಕಾಲು, ಎದೆ ನೋಡಿದರು. ಒಂದು ಸೀಸೆ ಕೊಟ್ಟು ಅದರಲ್ಲಿ ಮೂತ್ರ ತರಲು ಹೇಳಿದರು. ಗಾಜಿನ ಕೊಳವೆಯಲ್ಲಿದ್ದ ನೀಲಿ ಔಷಧಕ್ಕೆ ಅದರ ಕೆಲವು ಹನಿ ಬಿಟ್ಟು ದೀಪದ ಉರಿಯಲ್ಲಿ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ನಿಮ್ಮ ಮೂತ್ರದಲ್ಲಿ ಸಕ್ಕರೆ ಹೋಗ್ತಾ ಇದೆ," ಅಂದರು.

"ನಾನು ಸಕ್ಕರೆ ಮುಟ್ಟೋನೇ ಅಲ್ಲ ಸಾಮಿ. ಬೆಲ್ಲ ಅಷ್ಟೇ."

ಡಾಕ್ಟರು ಮುಗುಳ್ನಕ್ಕು ನಿಧಾನವಾಗಿ ಬಿಡಿಸಿ ಹೇಳಿದರು. ಬಾಯಾರಿಕೆ, ಬಡಕಲಾಗುವುದು, ಅವನು ಹೇಳಲು ನಾಚಿದ ತೊಂದರೆ, ಎಲ್ಲಕ್ಕೂ ಅದೇ ಮೂಲ. ಬೆಲ್ಲ, ಗೆಣಸು, ಹೆಂಡ ಬಿಡಬೇಕು. ಅನ್ನ ಬಿಟ್ಟು ಪುಟ್ಟ ಮುದ್ದೆ, ಹುರುಳಿ, ಸೊಪ್ಪು, ಮಜ್ಜಿಗೆ. ದಿನಾ ಕುರಿಯ ಹಿಂದೆ ನಡೆಯಬೇಕು.

"ಅದು... ತಿರುಗಿ ಬತ್ತದಾ ಸಾಮಿ?"

"ಬರಬಹುದು. ಮೊದಲಿನಷ್ಟು ಅಂತ ನಾನು ಮಾತು ಕೊಡಲ್ಲ. ಆದರೆ ಒಂದು ತಿಳಕೊಳ್ಳಿ. ಬೇರೆಯವರು ಕಾಲು ಕೊಳೆತ ಮೇಲೆ, ಕಣ್ಣು ಹೋದ ಮೇಲೆ ನನ್ನ ಹತ್ತಿರ ಬರ್ತಾರೆ. ನೀವು ಇದಕ್ಕೋಸ್ಕರ ಮೊದಲೇ ಬಂದಿರಿ. ಒಳ್ಳೇದಾಯ್ತು. ಇನ್ನೊಂದು, ಮನೆಯಲ್ಲಿ ಅಡುಗೆ ಮಾಡೋರಿಗೆ ಎಲ್ಲಾ ಹೇಳಬೇಕು."

"ಎಲ್ಲಾನೂವಾ?"

"ಎಲ್ಲಾನೂ."

ಅವನು ಊರು ಮುಟ್ಟಿದಾಗ ಸೊಣ್ಣಮ್ಮ ಅಂಗಳದಲ್ಲಿ ಅಣ್ಣೆಸೊಪ್ಪು ಸೋಸುತ್ತಿದ್ದಳು. ಗಂಟು ಕಟ್ಟಿರಲಿಲ್ಲ. ಅವನು ಎದುರಿಗೆ ಕೂತು, ಒಂದೊಂದೇ ದಂಟು ಮುರಿಯುತ್ತ, ಒಂದೊಂದೇ ಮಾತು ಹೇಳಿದ. ಎಲ್ಲ ಕೇಳಿದ ಮೇಲೆ ಅವಳ ಕಣ್ಣು ತುಂಬಿತು. ಹಿಂದೆಯೇ ಸಿಟ್ಟೂ ಬಂತು.

"ಕುರಿ ಡಾಕ್ಟ್ರಿಗೆ ಯೋಳ್ದೆ. ನನಗೆ ಯೋಳ್ನಿಲ್ಲ!"

"ನಿನ್ನ ಮುಂದೆ ಸಣ್ಣೋನಾಗ್ತೀನಿ ಅಂತ..."

"ಅದೊಂದಕ್ಕೇ ನಿನ್ನ ಇಂದೆ ಬಂದ್ನಾ ನಾನು? ಇಷ್ಟು ತಿಂಗಳು ನನ್ನ ಮೈ ನಿನಗೆ ಏಸಿಗೆ ಆಯ್ತು ಅಂತ ಅತ್ತಿವ್ನಲ್ಲಯ್ಯಾ." ಸೊಪ್ಪಿನ ಮೊರ ಪಕ್ಕಕ್ಕೆ ತಳ್ಳಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಬೆಲ್ಲ ನಾನೇ ಇಕ್ಕಿದ್ದು. ನನ್ನಿಂದಲೇ ಬಂತಾ?"

"ಇಲ್ಲ. ಡಾಕ್ಟ್ರನ್ನ ಕೇಳ್ದೆ. ನಿನ್ನ ತಪ್ಪಲ್ಲ ಅಂದ್ರು." ಅವನು ಹಾಗೆ ಕೇಳಿರಲಿಲ್ಲ. ಅದೊಂದು ಸುಳ್ಳು ಅವತ್ತು ಅವನಿಗೆ ಸಲೀಸಾಗಿ ಬಂತು.

ಅವತ್ತೇ ಚಾಪೆ ಮನೆಯೊಳಗೆ ಬಂತು.

ಸೊಣ್ಣಮ್ಮ ಪಥ್ಯವನ್ನು ವ್ರತದಂತೆ ನಡೆಸಿದಳು. ಅವನಿಗೆ ಬೇಡವೆಂದ ಅನ್ನವನ್ನು ತಾನೂ ಮುಟ್ಟಲಿಲ್ಲ. ಅವನು ಮತ್ತೆ ಕೋಲು ಹಿಡಿದು ಕುರಿಯ ಹಿಂದೆ ಗುಡ್ಡ ಹತ್ತಿದ. ಮಳೆಗಾಲ ಕಳೆಯುವ ಹೊತ್ತಿಗೆ ಬಾಯಾರಿಕೆ ಇಳಿಯಿತು, ಕೆನ್ನೆ ತುಂಬಿತು. ರಾಜಗೋಪಾಲ್ ಮತ್ತೆ ಕಾಯಿಸಿ ನೋಡಿದಾಗ ಕೊಳವೆ ಹಸಿರಿಗೇ ನಿಂತಿತು. ಅವನು ಕೇಳಿಕೊಂಡು ಹೋಗಿದ್ದ ವರವೂ ಬಂತು. ದಿನಾ ಅಲ್ಲ, ಬೇಕೆಂದಾಗಲೆಲ್ಲ ಅಲ್ಲ. ಬಂದ ದಿನ ಇಬ್ಬರೂ ಅದನ್ನು ಹಬ್ಬದಂತೆ ಬರಮಾಡಿಕೊಂಡರು. ಬಾರದ ದಿನ ಅವಳು ಅವನ ತೋಳಿನ ಮೇಲೆ ತಲೆಯಿಟ್ಟು ಅಣ್ಣನ ಮನೆಯ ಸುದ್ದಿ ಹೇಳುತ್ತಿದ್ದಳು. ಅವನಿಗೆ ಅದೂ ಕಡಿಮೆಯೆನಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸೊಣ್ಣಮ್ಮ ತಾನೇ ನೂತ ಉಣ್ಣೆಯಲ್ಲಿ ಒಂದು ಕರಿ ಕಂಬಳಿ ನೇಯಿಸಿ, ಗಂಡನನ್ನು ಕರೆದುಕೊಂಡು ಧರ್ಮಪುರಿಗೆ ಹೊರಟಳು. ನಾಗರಾಜನ್ ಆಸ್ಪತ್ರೆಯ ಅಂಗಳದಲ್ಲಿ ಕರುವೊಂದರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಅವಳು ಕಂಬಳಿಯನ್ನು ಅವರ ಕೈಗಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ನಾವು ಮಾಡೋ ಕೆಲಸಕ್ಕೆ ಇದೆಲ್ಲ ಯಾಕಮ್ಮಾ? ಪಥ್ಯ ಹೇಳಿದ್ದು ರಾಜಗೋಪಾಲ್," ಅಂದರು ಅವರು.

"ಅವರ ಮನೆಗೂ ಓಗಿ ಕೈ ಮುಗುದು ಬತ್ತೀವಿ ಸಾಮಿ. ಆದ್ರೆ ಇವರು ಬಾಯಿ ತಪ್ಪಿ ಮಾತಾಡ್ದಾಗ ನೀವು ನಗನಿಲ್ವಂತೆ. ನೀವು ನಕ್ಕಿದ್ರೆ ಇವರು ಅಂಗೇ ಎದ್ದು ಬಂದ್ಬಿಡ್ತಿದ್ರು."

ನಾಗರಾಜನ್ ಕಂಬಳಿಯ ಅಂಚು ಸವರುತ್ತ ನಿಂತರು. ಆಮೇಲೆ ಜವಾನನಿಗೆ ಕೂಗಿ, ಇಬ್ಬರಿಗೂ ಮಜ್ಜಿಗೆ ತರಲು ಹೇಳಿದರು.